ಜೇನ್ನೊಣದ ಕಿಣ್ವಗಳೂ ಋತುಮಾನದ ನಡವಳಿಕೆಯೂ
(ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಜಮೀನುದಾರರ ಮತ್ತು ಊರ ಹಿರಿಯರ ತಿಳಿವಳಿಕೆಗಾಗಿ)

೧. ಪೀಠಿಕೆ

ಎಳ್ಳಮವಾಸ್ಯೆಯ ದಿನ ಚರಗ ಚೆಲ್ಲಲು ಹೊಲಕ್ಕೆ ಹೋದವರೆಲ್ಲರೂ ಒಂದು ಸದ್ದನ್ನು ಕೇಳಿರುತ್ತಾರೆ. ಹೊಡೆ ಬಿಚ್ಚಿದ ಬಿಳಿಜೋಳದ ತೆನೆಯ ಮೇಲೂ, ಅಕ್ಕಡಿಯಲ್ಲಿ ಅರಳಿದ ಕುಸುಬಿ ಕೊತ್ತಂಬರಿಗಳ ಮೇಲೂ ಜೇನ್ನೊಣಗಳು ಗುಂಯ್‌ಗುಟ್ಟುತ್ತಿರುತ್ತವೆ. ಅದೇ ಹೊಲಕ್ಕೆ ಯುಗಾದಿ ಕಳೆದ ಮೇಲೆ, ವೈಶಾಖದ ಬಿಸಿಲಿನಲ್ಲಿ ಹೋದರೆ ಸದ್ದಿಲ್ಲ. ಹಳೆಯ ಆಲದ ಕೊಂಬೆಗೆ ತೂಗುತ್ತಿದ್ದ ಹೆಜ್ಜೇನಿನ ಹುಟ್ಟು ಬರಿದಾಗಿ ಒಣಗಿರುತ್ತದೆ. ಪೆಟ್ಟಿಗೆಯಲ್ಲಿ ಜೇನು ಸಾಕಿದವನ ಮನೆಯಲ್ಲಿಯೂ ಒಂದು ಬೆಳಿಗ್ಗೆ ಪೆಟ್ಟಿಗೆ ಬರಿದಾಗಿ, ಎರಿಗಳಲ್ಲಿ ಮೇಣದ ಹುಳು ಬಲೆ ಕಟ್ಟಿರುವುದುಂಟು. ಹಲವರು ಇದನ್ನು ದೈವದ ಆಟವೆಂದೂ, ದೃಷ್ಟಿ ತಾಕಿತೆಂದೂ ಹೇಳಿ ಸುಮ್ಮನಾಗುತ್ತಾರೆ. ಇದು ದೈವದ ಆಟವಲ್ಲ. ಇದಕ್ಕೆ ಕಾರಣವು ನೊಣದ ಒಡಲಿನಲ್ಲಿಯೂ ಹೊಲದ ಸ್ಥಿತಿಯಲ್ಲಿಯೂ ಇರುತ್ತದೆ. ಕಾರಣವನ್ನರಿತವನು ನಷ್ಟವನ್ನು ತಡೆಯಬಲ್ಲನು.

ಜೇನು ಹೋದರೆ ಹೋಗುವುದು ಜೇನುತುಪ್ಪವೊಂದೇ ಅಲ್ಲ. ಸೂರ್ಯಕಾಂತಿಯಲ್ಲಿ ಒಂದು ಗಿಡದ ಪರಾಗವು ಮತ್ತೊಂದು ಗಿಡದ ಹೂವಿಗೆ ತಲಪದಿದ್ದರೆ ಕಾಳು ಜೊಳ್ಳಾಗುತ್ತದೆ. ಆ ಪರಾಗವನ್ನು ಹೊತ್ತೊಯ್ಯುವ ಮುಖ್ಯ ಆಳು ಜೇನ್ನೊಣವೇ. ತೊಗರಿಯು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದಾದರೂ ಅದರ ಹೂವಿಗೂ ಜೇನ್ನೊಣ ಮತ್ತು ದುಂಬಿಗಳು ಬರುತ್ತವೆ. ಈರುಳ್ಳಿ ಬೀಜ, ಕೊತ್ತಂಬರಿ, ಸೌತೆ, ಕಲ್ಲಂಗಡಿ, ಕುಂಬಳಗಳ ಫಲವೂ ನೊಣದ ಓಡಾಟವನ್ನು ಅವಲಂಬಿಸಿದೆ. ಆದುದರಿಂದ ಜೇನು ಸಾಕದ ಒಕ್ಕಲಿಗನಿಗೂ ಈ ವಿಷಯದಲ್ಲಿ ಪಾಲುಂಟು.

೨. ಈ ಸೀಮೆಯ ಜೇನುಗಳು

ಭೀಮಾ ಕೃಷ್ಣೆಯರ ನಡುವಿನ ಈ ಎರೆನೆಲದ ಬಯಲಿನಲ್ಲಿ ಹೆಚ್ಚಾಗಿ ಕಾಣತಕ್ಕವು ಎರಡು ಜಾತಿಗಳು. ಮೊದಲನೆಯದು ಹೆಜ್ಜೇನು. ಇದು ಬಂಡೆಯ ಚಾಚಿನಲ್ಲಿಯೂ, ಎತ್ತರದ ಮರಗಳಲ್ಲಿಯೂ, ನೀರಿನ ತೊಟ್ಟಿಯ ಗೋಪುರಗಳ ಅಡಿಯಲ್ಲಿಯೂ ಒಂದೇ ದೊಡ್ಡ ಎರಿಯನ್ನು ಬಯಲಿನಲ್ಲಿ ಕಟ್ಟುತ್ತದೆ. ಇದು ಉಗ್ರವಾದುದು, ಪೆಟ್ಟಿಗೆಯಲ್ಲಿ ಸಾಕಲು ಬಾರದು. ಎರಡನೆಯದು ಕೋಲುಜೇನು. ಇದು ಬೇಲಿಯ ಕಂಟಿಯ ಸಣ್ಣ ಕೊಂಬೆಯನ್ನು ಸುತ್ತಿ ಅಂಗೈಯಗಲದ ಎರಿಯನ್ನು ಕಟ್ಟಿ, ಇರುವೆ ಬಾರದಂತೆ ಕೊಂಬೆಯ ಎರಡು ಕಡೆಗೂ ಅಂಟು ಬಳಿಯುತ್ತದೆ. ಇದನ್ನೂ ಪೆಟ್ಟಿಗೆಯಲ್ಲಿ ಸಾಕಲಾಗದು.

ಪೆಟ್ಟಿಗೆಯಲ್ಲಿ ಸಾಕಲು ಬರುವ ಜಾತಿಗಳೆಂದರೆ ನಮ್ಮ ನಾಡಿನ ತುಡುವೆ ಜೇನು ಮತ್ತು ಹೊರನಾಡಿನಿಂದ ಬಂದ ಯೂರೋಪಿನ ಜೇನು. ತುಡುವೆಯು ಮಲೆನಾಡು ಮತ್ತು ಕೊಡಗಿನಲ್ಲಿ ಹಿಂದಿನಿಂದಲೂ ಸಾಕಣೆಯಲ್ಲಿದೆ. ೧೯೯೧-೯೨ರಲ್ಲಿ ಬಂದ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿಹುಳುವಿನ ರೋಗದಿಂದ ಕರ್ನಾಟಕದಲ್ಲಿ ಅದರ ಕುಟುಂಬಗಳು ಬಹುಮಟ್ಟಿಗೆ ನಾಶವಾದವು. ಯೂರೋಪಿನ ಜೇನು ಭಾರತದಲ್ಲಿ ನೆಲೆಯೂರಿದುದು ೧೯೬೨ರಲ್ಲಿ. ಇಂದಿನ ಹಿಮಾಚಲ ಪ್ರದೇಶಕ್ಕೆ ಸೇರಿದ ನಗ್ರೋಟಾದಲ್ಲಿ ಅದನ್ನು ಮೊದಲು ಯಶಸ್ವಿಯಾಗಿ ಸಾಕಲಾಯಿತು. ಸೂರ್ಯಕಾಂತಿಯಂಥ ಬೆಳೆಯ ಹೂವನ್ನು ಹಿಂಬಾಲಿಸಿ ಪೆಟ್ಟಿಗೆಗಳನ್ನು ಊರಿಂದೂರಿಗೆ ಸಾಗಿಸುವವರು ಇಡುವುದು ಹೆಚ್ಚಾಗಿ ಈ ಜಾತಿಯನ್ನೇ.

೩. ಕಿಣ್ವವೆಂದರೇನು

ಜೋಳದ ರೊಟ್ಟಿಯ ತುಣುಕೊಂದನ್ನು ಪಲ್ಯವಿಲ್ಲದೆ ಬಾಯಲ್ಲಿಟ್ಟು ಬಹಳ ಹೊತ್ತು ಅಗಿದರೆ ಅದು ಸಿಹಿಯಾಗುತ್ತದೆ. ರೊಟ್ಟಿಗೆ ಬೆಲ್ಲ ಹಾಕಿಲ್ಲ. ಜೊಲ್ಲಿನಲ್ಲಿರುವ ಒಂದು ದ್ರವ್ಯವು ರೊಟ್ಟಿಯ ಪಿಷ್ಟವನ್ನು ಒಡೆದು ಸಕ್ಕರೆಯನ್ನಾಗಿ ಮಾಡುತ್ತದೆ. ಮೊಳಕೆ ಕಟ್ಟಿದ ಜೋಳ ಸಿಹಿಯಾಗುವುದಕ್ಕೂ ಅಂಥದೇ ದ್ರವ್ಯ ಕಾರಣ. ಜೀವಿಯ ಒಡಲಿನಲ್ಲಿ ಹುಟ್ಟಿ, ಒಂದು ಪದಾರ್ಥವನ್ನು ಮತ್ತೊಂದನ್ನಾಗಿ ಬೇಗ ಮಾರ್ಪಡಿಸಿ, ಆ ಕೆಲಸದಲ್ಲಿ ತಾನು ಮಾತ್ರ ಸವೆಯದೆ ಉಳಿಯುವ ಇಂಥ ದ್ರವ್ಯಕ್ಕೆ ಕಿಣ್ವವೆಂದು ಹೆಸರು. ಒಂದೊಂದು ಕಿಣ್ವಕ್ಕೂ ಒಂದೊಂದೇ ಕೆಲಸ. ಒಂದು ಕೀಲಿಕೈ ಒಂದೇ ಬೀಗಕ್ಕೆ ಹೊಂದುವ ಹಾಗೆ. ಕಿಣ್ವಗಳು ಹೆಚ್ಚು ಬಿಸಿಯನ್ನು ತಾಳವು. ಬೆಂದ ಕಾಳು ಹೇಗೆ ಮೊಳೆಯಲಾರದೋ ಹಾಗೆಯೇ ಬೆಂದ ಕಿಣ್ವವು ಕೆಲಸ ಮಾಡಲಾರದು.

ಜೇನ್ನೊಣದ ಬಾಳಿನಲ್ಲಿ ಮುಖ್ಯವಾದ ಕಿಣ್ವಗಳು ಇವು:

(ಅ) ಇನ್ವರ್ಟೇಸ್. ಹೂವಿನ ಮಕರಂದದಲ್ಲಿರುವ ಕಬ್ಬಿನ ಜಾತಿಯ ಸಕ್ಕರೆಯನ್ನು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳನ್ನಾಗಿ ಮಾಡುತ್ತದೆ.

(ಆ) ಡಯಾಸ್ಟೇಸ್. ಪಿಷ್ಟವನ್ನು ಒಡೆಯುತ್ತದೆ. ರೊಟ್ಟಿಯನ್ನು ಸಿಹಿ ಮಾಡಿದ ದ್ರವ್ಯವೂ ಇದೇ ವರ್ಗಕ್ಕೆ ಸೇರಿದುದು.

(ಇ) ಗ್ಲೂಕೋಸ್ ಆಕ್ಸಿಡೇಸ್. ಗ್ಲೂಕೋಸಿನ ಅಲ್ಪಭಾಗವನ್ನು ಹುಳಿಯನ್ನಾಗಿ ಮಾರ್ಪಡಿಸುತ್ತದೆ; ಆ ವೇಳೆ ಹೈಡ್ರೋಜನ್ ಪೆರಾಕ್ಸೈಡ್ ಎಂಬ ಕ್ರಿಮಿನಾಶಕ ದ್ರವ್ಯವೂ ಹುಟ್ಟುತ್ತದೆ. ಜೇನುತುಪ್ಪ ಕೆಡದಿರುವುದಕ್ಕೆ ಇದೊಂದು ಕಾರಣ.

(ಈ) ಪರಾಗವನ್ನು ಅರಗಿಸುವ ಕಿಣ್ವಗಳು. ಇವು ನೊಣದ ಕರುಳಿನಲ್ಲಿದ್ದು ಪರಾಗದ ಪ್ರೋಟೀನನ್ನು ಒಡೆಯುತ್ತವೆ.

(ಉ) ವಿಷವನ್ನು ಕಳೆಯುವ ಕಿಣ್ವಗಳು. ಆಹಾರದೊಡನೆ ಒಳಹೊಕ್ಕ ವಿಷವನ್ನು ಒಡೆದು ಹೊರಹಾಕುತ್ತವೆ.

೪. ವಯಸ್ಸಿಗೆ ತಕ್ಕ ಕೆಲಸ, ಕೆಲಸಕ್ಕೆ ತಕ್ಕ ಕಿಣ್ವ

ಕೆಲಸಗಾರ ನೊಣದ ತಲೆಯಲ್ಲಿ ದ್ರಾಕ್ಷಿಗೊಂಚಲಿನಂತೆ ಒಂದು ಜೋಡಿ ಗ್ರಂಥಿಗಳಿರುತ್ತವೆ. ಹುಟ್ಟಿದ ಹೊಸತರಲ್ಲಿ ನೊಣವು ಪರಾಗವನ್ನು ಹೊಟ್ಟೆತುಂಬ ತಿನ್ನುತ್ತದೆ. ಆ ಬಲದಿಂದ ಗ್ರಂಥಿಗಳು ಬೆಳೆದು, ಸುಮಾರು ೬ರಿಂದ ೧೨ ದಿನದ ವಯಸ್ಸಿನಲ್ಲಿ ತುಂಬಿಕೊಂಡು, ಮರಿಹುಳುಗಳಿಗೂ ರಾಣಿಗೂ ಉಣಿಸುವ ಹಾಲಿನಂಥ ರಸವನ್ನು ಕೊಡುತ್ತವೆ. ಈ ವಯಸ್ಸಿನ ನೊಣಕ್ಕೆ ದಾದಿನೊಣವೆನ್ನಬಹುದು. ಪರಾಗವನ್ನು ಅರಗಿಸುವ ಕಿಣ್ವಗಳು ಕರುಳಿನಲ್ಲಿ ಅತ್ಯಧಿಕವಾಗಿರುವುದೂ ಈ ದಾದಿಯಲ್ಲಿಯೇ. ಸುಮಾರು ೩ ವಾರಗಳಾದ ಮೇಲೆ ನೊಣವು ಹೊಲಕ್ಕೆ ಹೊರಡುತ್ತದೆ. ಆಗ ಅದೇ ಗ್ರಂಥಿಯು ಹಾಲು ಕೊಡುವುದನ್ನು ಬಿಟ್ಟು ಇನ್ವರ್ಟೇಸನ್ನು ಹೆಚ್ಚಾಗಿ ಸುರಿಸುತ್ತದೆ. ಒಂದೇ ಮನೆಯ ಒಬ್ಬಳೇ ಹೆಣ್ಣುಮಗಳು ಮೊದಲು ಕೂಸಿಗೆ ಹಾಲೂಡಿ, ಆಮೇಲೆ ಹೊಲಕ್ಕೆ ಬುತ್ತಿ ಹೊರುವಂತೆ ಇದು.

ಇದರಿಂದ ತಿಳಿಯಬೇಕಾದ ನೀತಿ ಎರಡು. ಮೊದಲನೆಯದು, ಪರಾಗವಿಲ್ಲದೆ ಗ್ರಂಥಿ ಬೆಳೆಯದು. ಗ್ರಂಥಿ ಬೆಳೆಯದಿದ್ದರೆ ಮರಿಗೆ ಹಾಲಿಲ್ಲ. ಎರಡನೆಯದು, ಹೊಲಕ್ಕೆ ಹೋದ ನೊಣಗಳು ವಿಷದಿಂದ ಒಮ್ಮೆಲೇ ಸತ್ತರೆ, ದಾದಿಯರೇ ಅವಧಿಗೆ ಮುಂಚೆ ಹೊಲಕ್ಕೆ ಹೊರಡಬೇಕಾಗುತ್ತದೆ. ಆಗ ಒಳಗಿನ ಮರಿಗಳು ಉಪವಾಸ ಬೀಳುತ್ತವೆ. ಹೊರಗೆ ಸತ್ತ ನೊಣಗಳನ್ನು ಎಣಿಸಿದವನು ನಷ್ಟದ ಅರ್ಧವನ್ನು ಮಾತ್ರ ಎಣಿಸಿದಂತಾಯಿತು.

೫. ಮಕರಂದವು ಜೇನಾಗುವ ಬಗೆ

ಮಕರಂದವು ಬಹುಪಾಲು ನೀರು. ನೊಣವು ಅದನ್ನು ಹೀರಿ ಜೇನುಚೀಲದಲ್ಲಿ ತುಂಬಿಕೊಳ್ಳುವಾಗಲೇ ಇನ್ವರ್ಟೇಸ್ ಅದರೊಡನೆ ಕೂಡುತ್ತದೆ. ಗೂಡಿಗೆ ಬಂದ ಮೇಲೆ ಅದನ್ನು ಒಳಗಿನ ನೊಣಗಳಿಗೆ ಬಾಯಿಂದ ಬಾಯಿಗೆ ಕೊಡುತ್ತದೆ. ಪ್ರತಿ ನೊಣವೂ ತನ್ನ ಪಾಲಿನ ಕಿಣ್ವವನ್ನು ಬೆರಸುತ್ತದೆ. ಹನಿಯನ್ನು ನಾಲಿಗೆಯ ಮೇಲೆ ಚಾಚಿ ಗಾಳಿಗೆ ಒಡ್ಡುತ್ತದೆ. ಬಳಿಕ ಹನಿಗಳನ್ನು ಕೋಣೆಗಳಲ್ಲಿ ತೆಳ್ಳಗೆ ಹಚ್ಚಿ, ರಾತ್ರಿಯೆಲ್ಲ ರೆಕ್ಕೆ ಬೀಸಿ ನೀರನ್ನು ಆರಿಸುತ್ತವೆ. ನೀರಿನ ಅಂಶವು ನೂರಕ್ಕೆ ಸುಮಾರು ೧೮ರಿಂದ ೨೦ಕ್ಕೆ ಇಳಿದ ಮೇಲೆ ಕೋಣೆಗೆ ಮೇಣದ ಮುಚ್ಚಳ ಹಾಕುತ್ತವೆ. ಹೀಗೆ ಪಕ್ವವಾದ ಜೇನಿನಲ್ಲಿ ನೂರಕ್ಕೆ ಸುಮಾರು ೩೮ ಪಾಲು ಫ್ರಕ್ಟೋಸೂ ೩೧ ಪಾಲು ಗ್ಲೂಕೋಸೂ ಇರುತ್ತವೆ. ಮೊದಲಿದ್ದ ಸಕ್ಕರೆ ಅಲ್ಪವೇ ಉಳಿಯುತ್ತದೆ.

ಹೂವು ವಿಪರೀತವಾಗಿ ಅರಳಿ ಮಕರಂದವು ಒಮ್ಮೆಲೇ ನುಗ್ಗಿದಾಗ ನೊಣಗಳಿಗೆ ಪ್ರತಿ ಹನಿಯನ್ನೂ ಹಲವು ಬಾಯಿ ದಾಟಿಸಲು ಬಿಡುವಿರುವುದಿಲ್ಲ. ಅಂಥ ಜೇನಿನಲ್ಲಿ ಕಿಣ್ವವು ಸ್ವಭಾವತಃ ಕಡಮೆ. ಆದಕಾರಣ ಕಿಣ್ವ ಕಡಮೆಯಿದ್ದ ಮಾತ್ರಕ್ಕೆ ಜೇನು ಕಲಬೆರಕೆಯೆಂದು ತೀರ್ಮಾನಿಸಕೂಡದು.

೬. ವರ್ಷದ ನಡೆ

ಮೃಗಶಿರ ಮಳೆ ಬಿದ್ದ ಮೇಲೆ ಬದುವಿನ ಹುಲ್ಲು ಕಳೆಗಳು ಹೂಬಿಡುತ್ತವೆ. ಮುಂಗಾರಿನ ಹೆಸರು, ಎಳ್ಳು, ಸೂರ್ಯಕಾಂತಿಗಳು ಆಶ್ಲೇಷಾ ಮಘಾ ಮಳೆಗಳ ಕಾಲಕ್ಕೆ ಅರಳುತ್ತವೆ. ಜಡಿಮಳೆಯ ದಿನಗಳಲ್ಲಿ ನೊಣವು ಹೊರಡಲಾರದು. ಎಡೆಬಿಟ್ಟ ಬಿಸಿಲಿನಲ್ಲಿ ಪರಾಗ ತಂದು ಕುಟುಂಬವನ್ನು ಬೆಳೆಸುತ್ತದೆ. ಹಸ್ತ ಚಿತ್ತ ಮಳೆಗಳಿಂದ ದೀಪಾವಳಿ ದಾಟುವ ತನಕ ತೊಗರಿ, ಹತ್ತಿ, ಬಾರಿಗಿಡಗಳ ಹೂವು ಒಂದರ ಹಿಂದೆ ಒಂದು ದೊರೆಯುತ್ತವೆ. ಇದು ಕುಟುಂಬವು ತುಂಬುವ ಕಾಲ. ಮಳೆ ನಿಂತು ಹೂವು ಹೆಚ್ಚಿದಂತೆ ಹೆಜ್ಜೇನಿನ ಹಿಂಡುಗಳು ದೂರದಿಂದ ವಲಸೆ ಬಂದು, ಹಲವು ವೇಳೆ ಹಿಂದಿನ ವರ್ಷದ ಮರದಲ್ಲಿಯೇ ನೆಲೆಸುತ್ತವೆ.

ಎಳ್ಳಮವಾಸ್ಯೆಯಿಂದ ಶಿವರಾತ್ರಿಯವರೆಗೆ ಹಿಂಗಾರಿ ಕುಸುಬಿ, ಸೂರ್ಯಕಾಂತಿ, ಕೊತ್ತಂಬರಿ ಮಕರಂದವನ್ನೂ, ಜೋಳವು ಪರಾಗವನ್ನೂ ಕೊಡುತ್ತವೆ. ದಾದಿಗಳ ಗ್ರಂಥಿ ತುಂಬಿರುತ್ತದೆ, ರಾಣಿ ಬಿಡದೆ ಮೊಟ್ಟೆಯಿಡುತ್ತಾಳೆ, ಹೊಲದ ನೊಣದಲ್ಲಿ ಇನ್ವರ್ಟೇಸ್ ಏರಿರುತ್ತದೆ. ಪೆಟ್ಟಿಗೆಯವನು ಜೇನು ತೆಗೆಯಬೇಕಾದ ಕಾಲ ಇದೇ. ಯುಗಾದಿಯ ಸುತ್ತಮುತ್ತ ಬೇವು, ಹೊಂಗೆಗಳು ಅರಳುತ್ತವೆ. ಇವು ಬಿತ್ತದೆ ಬರುವ ಫಸಲು. ಬೇಸಗೆಯ ಬಾಗಿಲಿನಲ್ಲಿ ನೊಣಕ್ಕೆ ಸಿಗುವ ಕೊನೆಯ ಬುತ್ತಿ.

ಅನಂತರ ಬರುವುದು ಬರಗಾಲ. ಏಪ್ರಿಲ್ ಕೊನೆಯಿಂದ ಮೊದಲ ಮಳೆಯವರೆಗೆ ಎರೆಹೊಲಗಳು ಬಿರುಕು ಬಿಟ್ಟು ಬರಿದಾಗಿರುತ್ತವೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಸಿಗುವ ಶಹಾಪುರ ಸುರಪುರದ ಭೂಮಿಗಳಲ್ಲಿ ನೆಲ್ಲು ಹಸಿರಾಗಿದ್ದರೂ ನೆಲ್ಲಿನ ಹೂವಿನಲ್ಲಿ ಮಕರಂದವಿಲ್ಲ. ಹಸಿರು ಕಂಡಲ್ಲೆಲ್ಲ ನೊಣಕ್ಕೆ ಅನ್ನವಿದೆಯೆಂದು ಭಾವಿಸಲಾಗದು.

೭. ಬೇಸಗೆಯಲ್ಲಿ ಗೂಡು ಬಿಡುವ ಕಾರಣ

ಮರಿಯಿರುವ ಎರಿಯನ್ನು ನೊಣಗಳು ಸದಾ ೩೩ರಿಂದ ೩೬ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕಾಯುತ್ತವೆ. ಹೊರಗೆ ೪೦ ಡಿಗ್ರಿ ಮೀರಿದ ದಿನ ಅವು ನೀರನ್ನು ಹೊತ್ತು ತಂದು ಕೋಣೆಗಳಲ್ಲಿ ಸವರಿ, ರೆಕ್ಕೆ ಬೀಸಿ ತಂಪು ಮಾಡಬೇಕು. ಜೇನು ತರಬೇಕಾದ ನೊಣವು ನೀರು ಹೊರುವುದರಲ್ಲಿಯೇ ಸವೆಯುತ್ತದೆ. ಇತ್ತ ಪರಾಗವಿಲ್ಲದೆ ದಾದಿಯ ಗ್ರಂಥಿ ಬತ್ತುತ್ತದೆ. ರಾಣಿಯ ಮೊಟ್ಟೆ ಕಡಮೆಯಾಗುತ್ತದೆ. ಉಣಿಸಲಾರದ ಮರಿಹುಳುಗಳನ್ನು ನೊಣಗಳೇ ತಿಂದು ಪ್ರೋಟೀನನ್ನು ಉಳಿಸಿಕೊಳ್ಳುತ್ತವೆ. ಇಷ್ಟಾದ ಮೇಲೂ ನೆರವು ಸಿಗದಿದ್ದರೆ ಹೆಜ್ಜೇನು, ಕೋಲುಜೇನು, ತುಡುವೆಗಳು ಎದ್ದು ಹೋಗುತ್ತವೆ. ಯೂರೋಪಿನ ಜೇನು ಸಾಮಾನ್ಯವಾಗಿ ಎದ್ದು ಹೋಗದೆ ಅಲ್ಲಿಯೇ ಕ್ಷೀಣಿಸುತ್ತದೆ. ಮೇಣದ ಹುಳು ಅದನ್ನು ಮುಗಿಸುತ್ತದೆ.

ಪೆಟ್ಟಿಗೆ ಇಟ್ಟವರು ಈ ಕಾಲದಲ್ಲಿ ನಡೆಸತಕ್ಕ ಕ್ರಮಗಳು:

೧. ಪೆಟ್ಟಿಗೆಯನ್ನು ಬೇವು, ಹುಣಸೆಗಳ ದಟ್ಟ ನೆರಳಿನಲ್ಲಿಡತಕ್ಕದ್ದು. ತಗಡಿನ ಚಪ್ಪರದಡಿ ಇಡಕೂಡದು. ಮಧ್ಯಾಹ್ನ ಮೇಲೆ ಒದ್ದೆ ಗೋಣಿತಟ್ಟು ಹೊದಿಸಬೇಕು; ಬಾಗಿಲನ್ನೂ ಗಾಳಿಯ ದಾರಿಯನ್ನೂ ಮುಚ್ಚಕೂಡದು.

೨. ಹತ್ತಿರದಲ್ಲಿ ಅಗಲವಾದ ಮಣ್ಣಿನ ಪರಿಯಾಣದಲ್ಲಿ ಹರಳು ತುಂಬಿ ದಿನವೂ ಹೊಸ ನೀರು ಹಾಕಬೇಕು. ಹರಳಿಲ್ಲದಿದ್ದರೆ ನೊಣಗಳು ಮುಳುಗಿ ಸಾಯುತ್ತವೆ.

೩. ಒಂದು ಪಾಲು ಸಕ್ಕರೆಗೆ ಒಂದು ಪಾಲು ನೀರು ಸೇರಿಸಿ ಕರಗಿಸಿದ ಪಾಕವನ್ನು ಆರಿಸಿ, ಸಂಜೆ, ಪೆಟ್ಟಿಗೆಯ ಒಳಗೆ ಇಡಬೇಕು. ಹೊರಗೆ ಚೆಲ್ಲಿದರೆ ಬೇರೆ ಕುಟುಂಬಗಳು ಬಂದು ಕೊಳ್ಳೆ ಹೊಡೆಯುತ್ತವೆ. ಬೆಲ್ಲದ ನೀರನ್ನು ಕೊಡಕೂಡದು. ಅದರಿಂದ ನೊಣಗಳಿಗೆ ಭೇದಿಯಾಗುತ್ತದೆ.

೪. ಪಾಕವೊಂದೇ ಸಾಲದು. ಸಕ್ಕರೆಯನ್ನು ಒಡೆಯಲು ಬೇಕಾದ ಇನ್ವರ್ಟೇಸನ್ನು ನೊಣವು ತನ್ನ ಒಡಲಿನ ಪ್ರೋಟೀನಿನಿಂದಲೇ ಮಾಡಿಕೊಳ್ಳಬೇಕು. ಪರಾಗವಿಲ್ಲದ ಕಾಲದಲ್ಲಿ ಬರಿಯ ಪಾಕವನ್ನೇ ಕೊಡುತ್ತ ಹೋದರೆ, ಬಡ ಎತ್ತಿಗೆ ಮೇವಿಲ್ಲದೆ ನೊಗ ಹೂಡಿದಂತಾಗುತ್ತದೆ. ಆದುದರಿಂದ ಎಣ್ಣೆ ತೆಗೆದ ಸೋಯಾ ಹಿಟ್ಟು ಅಥವಾ ಪುಟಾಣಿ ಹಿಟ್ಟನ್ನು ಕೆನೆ ತೆಗೆದ ಹಾಲಿನ ಪುಡಿ ಮತ್ತು ಸಕ್ಕರೆಪಾಕದೊಡನೆ ಕಲಸಿ, ಸಣ್ಣ ಉಂಡೆ ಮಾಡಿ ಎರಿಗಳ ಮೇಲ್ಗಡೆ ಇಡಬೇಕು.

೫. ಜೇನು ತೆಗೆಯುವಾಗ ಕುಟುಂಬದ ಬೇಸಗೆಯ ಪಾಲನ್ನು ಬಿಡಬೇಕು. ಬೀಜದ ಜೋಳವನ್ನು ಉಂಡವನಿಗೆ ಬಿತ್ತನೆಯಿಲ್ಲ.

೬. ನೊಣ ಮುಚ್ಚಿಕೊಳ್ಳದ ಹಳೆಯ ಎರಿಗಳನ್ನು ತೆಗೆದುಬಿಡಬೇಕು. ಪೆಟ್ಟಿಗೆಯ ಕಾಲುಗಳನ್ನು ನೀರು ತುಂಬಿದ ಬಟ್ಟಲಿನಲ್ಲಿಟ್ಟು ಇರುವೆಗಳನ್ನು ತಡೆಯಬೇಕು.

೮. ಔಷಧ ಸಿಂಪಡಣೆಯೂ ಕಿಣ್ವವೂ

ಈ ಸೀಮೆಯಲ್ಲಿ ಜೇನಿಗೆ ಒದಗುವ ಅತ್ಯಂತ ದೊಡ್ಡ ಕೇಡು ಬೇಸಗೆಯದಲ್ಲ. ಕುಟುಂಬವು ತುಂಬುವ ಅಕ್ಟೋಬರ್, ನವೆಂಬರ್ ತಿಂಗಳುಗಳದು. ತೊಗರಿಗೆ ಕಾಯಿಕೊರಕ ಹುಳು ಬೀಳುವುದೂ, ಹತ್ತಿಗೆ ಔಷಧ ಹೊಡೆಯುವುದೂ, ನೊಣಗಳು ಆ ಹೂವುಗಳ ಮೇಲಿರುವುದೂ ಒಂದೇ ಕಾಲಕ್ಕೆ.

ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ಮೊದಲಾದ ರಂಜಕಯುಕ್ತ ಔಷಧಗಳು ಕೊಲ್ಲುವುದೇ ಒಂದು ಕಿಣ್ವವನ್ನು ಕಟ್ಟಿಹಾಕುವುದರಿಂದ. ನರಗಳಲ್ಲಿ ಒಂದು ಸಂದೇಶ ಹೋದ ಮೇಲೆ ಅದನ್ನು ಅಳಿಸಿ ನರವನ್ನು ಶಾಂತಗೊಳಿಸುವುದು ಅಸಿಟೈಲ್‌ಕೋಲಿನ್ ಎಸ್ಟರೇಸ್ ಎಂಬ ಕಿಣ್ವದ ಕೆಲಸ. ಔಷಧವು ಅದಕ್ಕೆ ಅಂಟಿಕೊಂಡರೆ ಸಂದೇಶವು ಅಳಿಯದೆ ನರವು ಎಡೆಬಿಡದೆ ತುಡಿಯುತ್ತದೆ. ನೊಣವು ನಡುಗಿ, ನಾಲಿಗೆ ಚಾಚಿ ಸಾಯುತ್ತದೆ. ಹುಳುವಿನಲ್ಲಿಯೂ, ನೊಣದಲ್ಲಿಯೂ, ಸಿಂಪಡಿಸುವ ಮನುಷ್ಯನಲ್ಲಿಯೂ ಈ ಕಿಣ್ವವುಂಟು. ಮೂಗು ಬಾಯಿ ಮುಚ್ಚದೆ ಸಿಂಪಡಿಸಿದ ಆಳಿಗೆ ಕಣ್ಣು ಮಂಜಾಗಿ ವಾಂತಿಯಾಗುವುದು ಇದೇ ಕಾರಣದಿಂದ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಮ್‌ಗಳ ದಾರಿ ಬೇರೆ. ಇವು ನರದ ಮೇಲೆಯೇ ನೇರವಾಗಿ ಕೆಲಸ ಮಾಡುತ್ತವೆ. ಥಯಾಮೆಥಾಕ್ಸಮ್‌ನ ಸಾಯಿಸದಷ್ಟು ಅಲ್ಪ ಪ್ರಮಾಣವೂ ನೊಣಕ್ಕೆ ಗೂಡಿನ ದಾರಿಯನ್ನು ಮರೆಸುವುದೆಂದು ೨೦೧೨ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಇಂಥ ಹೊಲದಲ್ಲಿ ಸತ್ತ ನೊಣ ಕಣ್ಣಿಗೆ ಬೀಳದಿದ್ದರೂ ಗೂಡು ಬರಿದಾಗಬಹುದು.

ನೊಣಕ್ಕೆ ತನ್ನ ರಕ್ಷಣೆಗೆಂದು ವಿಷ ಕಳೆಯುವ ಕಿಣ್ವಗಳಿವೆಯಾದರೂ ಅವು ಬೇರೆ ಕೀಟಗಳಿಗಿಂತ ಕಡಮೆ. ೨೦೦೬ರಲ್ಲಿ ಜೇನ್ನೊಣದ ವಂಶವಾಹಿಗಳ ಪೂರ್ಣ ಪಟ್ಟಿ ಪ್ರಕಟವಾದಾಗ ಈ ಸಂಗತಿ ಸ್ಪಷ್ಟವಾಯಿತು. ಈ ಕಿಣ್ವಗಳನ್ನು ಎಚ್ಚರಿಸುವ ದ್ರವ್ಯಗಳು ಪರಾಗದಲ್ಲಿಯೂ ಜೇನಿನಲ್ಲಿಯೂ ಇವೆ, ಸಕ್ಕರೆಪಾಕದಲ್ಲಿ ಇಲ್ಲವೆಂದು ೨೦೧೩ರಲ್ಲಿ ಅಮೆರಿಕದಲ್ಲಿ ಕಂಡುಹಿಡಿಯಲಾಯಿತು. ಪಾಕದ ಮೇಲೆಯೇ ಬದುಕಿದ ಕುಟುಂಬವು ವಿಷವನ್ನು ತಾಳುವ ಶಕ್ತಿಯಲ್ಲಿ ಹಿಂದೆ ಬೀಳುತ್ತದೆ. ಇದಲ್ಲದೆ ಪ್ರೊಪಿಕೊನಜೋಲ್‌ನಂಥ ಕೆಲವು ಶಿಲೀಂಧ್ರನಾಶಕಗಳು ಆ ಕಿಣ್ವಗಳನ್ನೇ ತಡೆಯುತ್ತವೆ. ಕೂಲಿ ಉಳಿಯಲೆಂದು ಹುಳುವಿನ ಔಷಧವನ್ನೂ ರೋಗದ ಔಷಧವನ್ನೂ ಒಂದೇ ಡಬ್ಬಿಯಲ್ಲಿ ಬೆರಸಿ ಹೊಡೆದರೆ, ಬೇರೆಬೇರೆಯಾಗಿ ಹೊಡೆದಾಗಿನಕ್ಕಿಂತ ಹೆಚ್ಚು ನೊಣಗಳು ಸಾಯುವ ಸಂಭವವುಂಟು.

ಹಾಗೆಂದು ತೊಗರಿಯನ್ನು ಹುಳುವಿಗೆ ಬಿಟ್ಟುಕೊಡಬೇಕೆಂದು ಅರ್ಥವಲ್ಲ. ಸಾಲಗಾರನಾದ ಒಕ್ಕಲಿಗನಿಗೆ ಕಾಯಿಕೊರಕವು ವರ್ಷದ ಅನ್ನವನ್ನೇ ಕಸಿಯಬಲ್ಲದು. ಎರಡನ್ನೂ ಉಳಿಸುವ ದಾರಿ ಇದೆ. ಹುಳುಗಳನ್ನು ಎಣಿಸಿ, ಬೆಳೆಗೆ ನಷ್ಟ ತರುವಷ್ಟಿದ್ದರೆ ಮಾತ್ರ ಔಷಧಕ್ಕೆ ಕೈಹಾಕಬೇಕು. ಗಿಡದ ಬುಡದಲ್ಲಿ ಬಟ್ಟೆ ಹಾಸಿ ಗಿಡವನ್ನು ಮೆಲ್ಲಗೆ ಅಲುಗಿಸಿ ಹುಳುಗಳನ್ನು ಕೆಡವಿ ನಾಶಪಡಿಸುವುದು ಈ ತೊಗರಿ ಸೀಮೆಯವರಿಗೆ ಪರಿಚಿತವಾದ ಕ್ರಮ. ಹಕ್ಕಿ ಕೂಡಲು ಕವಲು ಕೋಲುಗಳನ್ನು ನೆಡುವುದು, ಮೋಹಕ ಬಲೆಗಳನ್ನು ಕಟ್ಟುವುದು, ನೂರಕ್ಕೆ ೫ರ ಬೇವಿನ ಬೀಜದ ಕಷಾಯ ಮತ್ತು ಹುಳುವಿಗೆ ಮಾತ್ರ ರೋಗ ತರುವ ಎನ್‌ಪಿವಿ ದ್ರಾವಣವನ್ನು ಬಳಸುವುದು ಮೊದಲಿನ ಉಪಾಯಗಳು. ಕೊನೆಗೆ ಔಷಧವೇ ಬೇಕಾದರೆ ನೊಣಗಳು ಗೂಡಿಗೆ ಮರಳಿದ ಮೇಲೆ, ಹೊತ್ತು ಮುಳುಗುವ ವೇಳೆಯಲ್ಲಿ ಸಿಂಪಡಿಸತಕ್ಕದ್ದು. ಧೂಳಿನ ರೂಪದ ಔಷಧವನ್ನು ಹೂವಿನ ಮೇಲೆ ಎರಚಲೇ ಕೂಡದು. ಅದು ನೊಣದ ಮೈಕೂದಲಿಗೆ ಹತ್ತಿ ಪರಾಗದೊಡನೆ ಗೂಡಿಗೆ ಸೇರುತ್ತದೆ.

೯. ಜೇನು ತೆಗೆಯುವುದು ಮತ್ತು ಕಾಪಿಡುವುದು

ಎರಿಯ ಕೋಣೆಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿಗಾದರೂ ಮುಚ್ಚಳ ಬಿದ್ದ ಮೇಲೆ ಜೇನು ತೆಗೆಯಬೇಕು. ಅಪಕ್ವವಾದ ಜೇನು ನೀರು ಹೆಚ್ಚಾಗಿ ಹುಳಿಯುತ್ತದೆ. ಹೆಜ್ಜೇನನ್ನು ಪಂಜಿನಿಂದ ಸುಟ್ಟು, ಮರಿಸಹಿತ ಎರಿಯನ್ನು ಹಿಂಡುವ ರೂಢಿಯು ಎರಡು ಬಗೆಯಲ್ಲಿ ನಷ್ಟ: ಸಾವಿರಾರು ನೊಣಗಳು ಸಾಯುತ್ತವೆ, ಮರಿಹುಳುವಿನ ರಸ ಬೆರೆತು ಜೇನೂ ಬೇಗ ಕೆಡುತ್ತದೆ. ಹೆಜ್ಜೇನಿನ ಎರಿಯಲ್ಲಿ ಜೇನು ಮೇಲಿನ ಒಂದು ಮೂಲೆಯಲ್ಲಿರುತ್ತದೆ. ತಿಳಿದವರು ಹೊಗೆಯಿಂದ ನೊಣ ಸರಿಸಿ ಆ ಭಾಗವನ್ನು ಮಾತ್ರ ಕೊಯ್ದು ಮರಿಯ ಭಾಗವನ್ನು ಬಿಡುತ್ತಾರೆ. ಈ ಕೆಲಸಕ್ಕೆ ಅನುಭವವಿಲ್ಲದವರು ಕೈಹಾಕಬಾರದು. ಹೆಜ್ಜೇನಿನ ಕಡಿತದಿಂದ ಪ್ರಾಣಾಪಾಯವುಂಟು.

ಜೇನನ್ನು ಕಾಯಿಸಬಾರದೆಂಬ ಹಿರಿಯರ ಮಾತಿಗೆ ಕಿಣ್ವವೇ ಆಧಾರ. ಅಮೆರಿಕದ ಜೆ. ಡಬ್ಲ್ಯೂ. ವೈಟ್ ಮತ್ತು ಸಂಗಡಿಗರು ೧೯೬೪ರಲ್ಲಿ ಪ್ರಕಟಿಸಿದ ಪರೀಕ್ಷೆಗಳಂತೆ, ಜೇನಿನಲ್ಲಿರುವ ಕಿಣ್ವವು ಅರ್ಧಕ್ಕಿಳಿಯಲು ಹಿಡಿಯುವ ಕಾಲ ಇಷ್ಟು:

೨೦ ಡಿಗ್ರಿಯಲ್ಲಿ: ಡಯಾಸ್ಟೇಸ್ ೧,೪೮೦ ದಿನ, ಇನ್ವರ್ಟೇಸ್ ೮೨೦ ದಿನ.
೩೦ ಡಿಗ್ರಿಯಲ್ಲಿ: ಡಯಾಸ್ಟೇಸ್ ೨೦೦ ದಿನ, ಇನ್ವರ್ಟೇಸ್ ೮೩ ದಿನ.
೪೦ ಡಿಗ್ರಿಯಲ್ಲಿ: ಡಯಾಸ್ಟೇಸ್ ೩೧ ದಿನ, ಇನ್ವರ್ಟೇಸ್ ಸುಮಾರು ೧೦ ದಿನ.
೬೦ ಡಿಗ್ರಿಯಲ್ಲಿ: ಡಯಾಸ್ಟೇಸ್ ಸುಮಾರು ೧ ದಿನ, ಇನ್ವರ್ಟೇಸ್ ೫ ಗಂಟೆಗೂ ಕಡಮೆ.
೮೦ ಡಿಗ್ರಿಯಲ್ಲಿ: ಡಯಾಸ್ಟೇಸ್ ೧ ಗಂಟೆಗೆ ತುಸು ಹೆಚ್ಚು, ಇನ್ವರ್ಟೇಸ್ ೯ ನಿಮಿಷಕ್ಕೂ ಕಡಮೆ.

ಇದನ್ನು ಓದಿದವರಿಗೆ ಒಂದು ವಿಷಯ ತಾನಾಗಿಯೇ ಹೊಳೆಯುವುದು. ಒಲೆಯ ಮೇಲೆ ಇಡದಿದ್ದರೂ, ಈ ಸೀಮೆಯ ತಗಡಿನ ಮನೆಯಲ್ಲಿ ಏಪ್ರಿಲ್ ಮೇ ಎರಡು ತಿಂಗಳು ಇಟ್ಟ ಡಬ್ಬಿಯ ಜೇನು ತನ್ನ ಇನ್ವರ್ಟೇಸನ್ನು ಬಹುಮಟ್ಟಿಗೆ ಕಳೆದುಕೊಂಡಿರುತ್ತದೆ. ಅದರೊಡನೆ ಹೆಚ್‌ಎಮ್‌ಎಫ್ ಎಂಬ ದ್ರವ್ಯವೂ ಏರುತ್ತದೆ. ಭಾರತದ ಆಹಾರ ನಿಯಮಗಳ ಪ್ರಕಾರ ಜೇನಿನಲ್ಲಿ ನೀರು ನೂರಕ್ಕೆ ೨೦ನ್ನೂ, ಹೆಚ್‌ಎಮ್‌ಎಫ್ ಒಂದು ಕಿಲೋಗ್ರಾಮಿಗೆ ೮೦ ಮಿಲಿಗ್ರಾಮನ್ನೂ ಮೀರಕೂಡದು. ಕಲಬೆರಕೆ ಮಾಡದ ಪ್ರಾಮಾಣಿಕನ ಜೇನೂ ಬರಿಯ ಬಿಸಿಲಿನ ದೆಸೆಯಿಂದ ಪರೀಕ್ಷೆಯಲ್ಲಿ ಬೀಳಬಹುದು. ಆದುದರಿಂದ ಜೇನನ್ನು ಗಾಜಿನ ಅಥವಾ ಆಹಾರಕ್ಕೆ ತಕ್ಕ ಪಾತ್ರೆಯಲ್ಲಿ ತುಂಬಿ, ಬಿಗಿಯಾಗಿ ಮುಚ್ಚಿ, ಮಣ್ಣಿನ ಮಾಳಿಗೆಯ ಮನೆಯ ನೆಲಮಟ್ಟದ ಕತ್ತಲೆ ಕೋಣೆಯಲ್ಲಿಟ್ಟು, ಬೇಸಗೆಗೆ ಮುಂಚೆ ಮಾರುವುದು ಲೇಸು.

ಚಳಿಯಲ್ಲಿ ಜೇನು ಹರಳುಗಟ್ಟಿದರೆ ಸಕ್ಕರೆ ಬೆರಸಿದ್ದಾರೆಂದು ತಿಳಿಯುವುದು ತಪ್ಪು. ಗ್ಲೂಕೋಸ್ ಹೆಚ್ಚಿರುವ ಸೂರ್ಯಕಾಂತಿ, ಹತ್ತಿಗಳ ಜೇನು ಬೇಗ ಹರಳುಗಟ್ಟುವುದು ಅದರ ಗುಣವೇ. ಪಾತ್ರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಕರಗುತ್ತದೆ. ಒಲೆಯ ಮೇಲೆ ಇಡಕೂಡದು. ಇನ್ನೊಂದು ಎಚ್ಚರಿಕೆ: ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು, ಅದರಲ್ಲಿರಬಹುದಾದ ಸೂಕ್ಷ್ಮಜೀವಿಯ ಬೀಜಗಳು ಕೂಸಿನ ಕರುಳಿನಲ್ಲಿ ಬೆಳೆದು ವಿಷವಾಗುವ ಅಪಾಯವುಂಟು.

೧೦. ಊರು ಕೂಡಿ ಮಾಡತಕ್ಕದ್ದು

ಯೂರೋಪಿನ ನೊಣವು ೨ರಿಂದ ೩ ಕಿಲೋಮೀಟರ್ ದೂರದವರೆಗೆ ಮೇಯಲು ಹೋಗುತ್ತದೆ. ತುಡುವೆಯು ಸುಮಾರು ೧ ಕಿಲೋಮೀಟರ್. ನೊಣವು ಸರ್ವೆ ನಂಬರನ್ನಾಗಲಿ ಬಾಂದುಕಲ್ಲನ್ನಾಗಲಿ ಅರಿಯದು. ಒಬ್ಬನು ಸಂಜೆ ಸಿಂಪಡಿಸಿ, ನೆರೆಯವನು ಬೆಳಿಗ್ಗೆ ಸಿಂಪಡಿಸಿದರೆ ಮೊದಲನೆಯವನ ಎಚ್ಚರಿಕೆ ವ್ಯರ್ಥ. ಆದಕಾರಣ ಇದು ಒಬ್ಬನಿಂದ ಆಗುವ ಕೆಲಸವಲ್ಲ. ಊರಿನ ಗೌಡರೂ ಹಿರಿಯರೂ ಪಂಚಾಯತಿಯವರೂ ಕೂಡಿ ಕಟ್ಟಿಯ ಮೇಲೆ ಕುಳಿತು ತೀರ್ಮಾನಿಸತಕ್ಕದ್ದು. ಆ ತೀರ್ಮಾನಗಳು ಹೀಗಿರಬಹುದು:

ತೊಗರಿ, ಹತ್ತಿ, ಸೂರ್ಯಕಾಂತಿಗಳು ಹೂವಿನಲ್ಲಿರುವ ದಿನಗಳಲ್ಲಿ ಊರಿನ ಎಲ್ಲರೂ ಹೊತ್ತು ಮುಳುಗುವ ವೇಳೆಗೆ ಮಾತ್ರ ಸಿಂಪಡಿಸುವುದು. ಹಿಂದಿನ ದಿನವೇ ಡಂಗುರದಿಂದ ಅಥವಾ ಗುಡಿಯ ಮೈಕಿನಿಂದ ತಿಳಿಸುವುದು. ಪೆಟ್ಟಿಗೆ ಇಟ್ಟವರಿಗೆ ಸುದ್ದಿ ಕೊಡುವುದು. ಔಷಧದ ಡಬ್ಬಿಗಳನ್ನು ಹಳ್ಳ, ಕಾಲುವೆ, ಬಾವಿಗಳಲ್ಲಿ ತೊಳೆಯದಿರುವುದು. ಬದುವಿನ ಬೇವು, ಹೊಂಗೆ, ಹುಣಸೆ, ಬನ್ನಿ, ಬಾರಿಗಳನ್ನು ಕಡಿಯದಿರುವುದು. ಗೋಮಾಳದಲ್ಲಿಯೂ ಕೆರೆಯ ಏರಿಯ ಕೆಳಗೂ ಹೊಂಗೆ ಬೇವುಗಳನ್ನು ನೆಡುವುದು. ಹೆಜ್ಜೇನಿನ ಮರಕ್ಕೆ ಬೆಂಕಿ ಹಾಕುವುದನ್ನು ನಿಲ್ಲಿಸುವುದು. ಸೂರ್ಯಕಾಂತಿ ಬೆಳೆಯುವವರು ಹೆಕ್ಟೇರಿಗೆ ೫ ಪೆಟ್ಟಿಗೆಗಳ ಲೆಕ್ಕದಲ್ಲಿ ಜೇನು ಸಾಗಿಸುವವರನ್ನು ಹೂವಿನ ಕಾಲಕ್ಕೆ ಕರೆಸಿಕೊಳ್ಳುವುದು.

ಹೆಚ್ಚಿನ ತಿಳಿವಳಿಕೆ ಬೇಕಾದವರು ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯವನ್ನೂ, ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನೂ, ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನೂ ವಿಚಾರಿಸಬಹುದು.

೧೧. ಸಾರಾಂಶ

ಪರಾಗವಿದ್ದರೆ ದಾದಿಯ ಗ್ರಂಥಿ ತುಂಬುತ್ತದೆ. ಗ್ರಂಥಿ ತುಂಬಿದರೆ ಮರಿ ಬೆಳೆಯುತ್ತದೆ. ಮರಿ ಬೆಳೆದರೆ ಹೊಲಕ್ಕೆ ಆಳು ಬರುತ್ತಾರೆ. ಆಳಿನ ಬಾಯಿಯ ಕಿಣ್ವದಿಂದ ಮಕರಂದವು ಜೇನಾಗುತ್ತದೆ. ಬೇಸಗೆಯ ಹಸಿವು ಈ ಸರಪಳಿಯನ್ನು 
ಮೊದಲ ಕೊಂಡಿಯಲ್ಲಿ ಕಡಿಯುತ್ತದೆ, ಹಗಲಿನ ಸಿಂಪಡಣೆಯು ನಡುವೆ ಕಡಿಯುತ್ತದೆ, ಒಲೆಯೂ ತಗಡಿನ ಮನೆಯೂ ಕೊನೆಯ ಕೊಂಡಿಯಲ್ಲಿ ಕಡಿಯುತ್ತವೆ. ಮೂರನ್ನೂ ತಡೆಯುವುದು ಒಕ್ಕಲಿಗನ ಕೈಯಲ್ಲಿಯೇ ಇದೆ. ನೆರಳು, ಹರಳು ತುಂಬಿದ ಪರಿಯಾಣದ ನೀರು, ಉಳಿಸಿದ ಎರಡು ಬೇವಿನ ಮರ, ಸಂಜೆಯವರೆಗೆ ಕಾದ ಸಿಂಪಡಣೆ: ಇವಿಷ್ಟಕ್ಕೆ ಹೆಚ್ಚಿನ ಖರ್ಚಿಲ್ಲ. ಇವನ್ನು ನಡೆಸಿದ ಊರಿನಲ್ಲಿ ಮುಂದಿನ ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಹೋದವರಿಗೆ ಜೋಳದ ತೆನೆಯ ಮೇಲೆ ಆ ಸದ್ದು ಕೇಳಿಬರುವುದು.